ಹೊನ್ನಾಳಿ ನೊಣಕ್ಕೆ ಜಗಳೂರಿನ ಸಂಬಂಧ

ನೊಣಗಳ ಮೇಲೆ ಸಂಶೋಧನೆ ಮಾಡಬೇಕೆಂದು ಹೊರಟ ಹುಡುಗ ಹುಡುಗಿಯರು ನಾನು ನಿವೃತ್ತಳಾದ ಮೇಲೂ ಹುಡುಕಿಕೊಂಡು ಬರುತ್ತಾರೆ. ಯಾವ ಪುಸ್ತಕ ಓದಬೇಕು ಮೇಡಂ ಎಂದು ಕೇಳುತ್ತಾರೆ. ಗಂಟು ಕಟ್ಟದ ಹಾಗೆ ರವೆ ಬೇಯಿಸಲು ಬರುತ್ತದೆಯೇ ಎಂದು ನಾನು ತಿರುಗಿ ಕೇಳುತ್ತೇನೆ. ಮೇಡಂಗೆ ಅರಳು ಮರಳು ಎಂದುಕೊಂಡು ನಗುತ್ತಾರೆ. ನಗಲಿ. ನನ್ನ ವಿಜ್ಞಾನದಲ್ಲಿ ಅರ್ಧ ಒಲೆಯ ಮುಂದೆಯೇ ಕಳೆದದ್ದು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ನೊಣ ಎಂದರೆ ಊಟದ ತಟ್ಟೆಯ ಮೇಲೆ ಕೂರುವ ದೊಡ್ಡ ನೊಣವಲ್ಲ. ಬಾಳೆಹಣ್ಣು ಕಳಿತ ಕೂಡಲೇ ಎಲ್ಲಿಂದಲೋ ಬಂದು ಮುತ್ತುತ್ತದಲ್ಲ, ಎಳ್ಳುಕಾಳಿನಷ್ಟು ಸಣ್ಣದು, ಆ ಹಣ್ಣುನೊಣ. ಭೂತಗನ್ನಡಿಯಲ್ಲಿ ನೋಡಿದರೆ ಅದರ ತಲೆಯ ತುಂಬ ಎರಡು ಕೆಂಪು ಕಣ್ಣು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಎಂ.ಎಸ್ಸಿ. ಮುಗಿಸಿ ಸಹಾಯಕಿಯಾಗಿ ಸೇರಿದ ಯೋಜನೆಗೆ ಉಸಿರು ಕಟ್ಟುವಷ್ಟು ಉದ್ದದ ಹೆಸರಿತ್ತು. ಅರ್ಥ ಮಾತ್ರ ಇಷ್ಟೇ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಣ್ಣುನೊಣ ಹಿಡಿಯಬೇಕು, ಕಣ್ಣೋ ಮೆದುಳೋ ಸರಿಯಾಗಿ ಬೆಳೆಯದ ನೊಣ ಸಿಕ್ಕರೆ ಅದರ ತಳಿ ಉಳಿಸಬೇಕು, ಏಕೆ ಬೆಳೆಯಲಿಲ್ಲ ಎಂದು ಹುಡುಕಬೇಕು.

ಯೋಜನೆಯ ಮುಖ್ಯಸ್ಥರು ಮರುಳಪ್ಪ ಸರ್. ಹೆಸರಿಗೆ ತಕ್ಕ ಹಾಗೆ ನೊಣದ ಮರುಳು ಹತ್ತಿದವರು. ಚನ್ನಗಿರಿಯಲ್ಲಿ ರುದ್ರಮ್ಮ ಎಂಬ ವಿಧವೆಯ ಹೊರಮನೆಯನ್ನು ಬಾಡಿಗೆಗೆ ಹಿಡಿದು, ಅದರ ಅಡುಗೆಕೋಣೆಯನ್ನೇ ಪ್ರಯೋಗಾಲಯ ಮಾಡಿದ್ದರು. ಉಪ್ಪಿನಕಾಯಿ ಜಾಡಿ ಇಡುವ ಹಲಗೆಗಳ ಮೇಲೆ ಸಾಲಾಗಿ ಹಾಲಿನ ಬಾಟ್ಲಿಗಳು, ಬಾಯಿಗೆ ಹತ್ತಿ, ಒಳಗೆ ನೊಣ. ಬೇಸಿಗೆಯಲ್ಲಿ ನೊಣಕ್ಕೆ ಸೆಕೆ ತಡೆಯದು, ಗಂಡುಗಳು ಬರಡಾಗಿಬಿಡುತ್ತವೆ. ಆದ್ದರಿಂದ ಅಗಲವಾದ ಮಣ್ಣಿನ ಬಾನಿಗಳಲ್ಲಿ ಒದ್ದೆ ಗೋಣಿ ಹಾಸಿ ಬಾಟ್ಲಿಗಳನ್ನು ತಂಪಾಗಿ ಇಡುತ್ತಿದ್ದೆವು. ನಾನು ಪೌಡರ್ ಹಚ್ಚಬಾರದು, ಹೂ ಮುಡಿಯಬಾರದು, ವಾಸನೆ ಎಣ್ಣೆ ಹಾಕಬಾರದು. ಸರ್ ಮಾತ್ರ ದಿನವಿಡೀ ನಶ್ಯ ಏರಿಸುತ್ತಿದ್ದರು. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ.

"ನಶ್ಯದ ವಾಸ್ನೆ ನೊಣಕ್ಕೆ ಆಗುತ್ತಾ ಸರ್?"

"ಅದು ಅವಕ್ಕೆ ರೂಢಿ ಆಗೈತ್ರೀ," ಎಂದು ಇನ್ನೊಂದು ಚಿಟಿಕೆ ಏರಿಸಿದರು.

ನೊಣದ ಊಟ ರವೆ, ಬೆಲ್ಲ, ಗಟ್ಟಿಯಾಗಲು ಅಗರ್, ಬೂಸಲು ಹಿಡಿಯದಿರಲು ಒಂದೆರಡು ಹನಿ ಆಮ್ಲ. ಹದ ತಪ್ಪಿ ನೀರಾದರೆ ನೊಣ ಮುಳುಗಿ ಸಾಯುತ್ತದೆ, ಗಟ್ಟಿಯಾದರೆ ಮರಿಹುಳು ಒಳಗೆ ಹೋಗಲಾರದು. ಬೆಲ್ಲದ ಪಾಕದ ಘಮ ರುದ್ರಮ್ಮನ ಪಡಸಾಲೆಗೆ ಹೋಗುತ್ತಿತ್ತು. ಮೊದಲ ವಾರ ಸುಮ್ಮನಿದ್ದರು. ಎರಡನೆಯ ವಾರ ಬಾಗಿಲಿಗೇ ಬಂದರು.

"ದಿನಾ ಸಜ್ಜಿಗೆ ಮಾಡ್ತೀಯಲ್ಲವ್ವಾ, ಯಾರ ಬಾಣಂತನ ಐತೆ ಒಳಗೆ?"

"ನೊಣಕ್ಕಮ್ಮಾ."

"ನೊಣಕ್ಕಾ! ನಮ್ಮನಿ ಅಳಿಯ ಬಂದಾಗ್ಲೂ ನಾನು ಇಷ್ಟು ಬೆಲ್ಲ ಸುರಿದಿಲ್ಲ."

ಇನ್ನೊಂದು ಫಜೀತಿ ನಮ್ಮ ಕಸುಬಿನ ಮಾತಿನಿಂದಲೇ ಆದದ್ದು. ಒಂದು ತಳಿಗೆ ಇನ್ನೊಂದನ್ನು ಕೂಡಿಸಬೇಕಾದರೆ ಹೆಣ್ಣುನೊಣ ಇನ್ನೂ ಗಂಡನ್ನು ಕಂಡಿರಬಾರದು. ಗೂಡಿನಿಂದ ಹೊರಬಂದ ಕೆಲವೇ ಗಂಟೆಯೊಳಗೆ ಅವನ್ನು ಬೇರೆ ಮಾಡಬೇಕು. ಅಂಥವಕ್ಕೆ ಕನ್ಯೆ ಎನ್ನುವುದು ನಮ್ಮ ವಾಡಿಕೆ. ಸರ್ ಬೆಳಿಗ್ಗೆ ಬೀದಿಯಲ್ಲಿ ಬರುತ್ತಲೇ ಕೂಗುತ್ತಿದ್ದರು: "ನಿರ್ಮಲಾ ಅವ್ರೇ, ಇವತ್ತು ಕನ್ಯೆ ಎಷ್ಟು ಸಿಕ್ಕಾವು?" ನಾನು ಒಳಗಿನಿಂದ, "ಹೊನ್ನಾಳಿವು ಹತ್ತು, ನ್ಯಾಮತಿವು ಆರು ಸರ್!" ಎನ್ನುತ್ತಿದ್ದೆ. "ಜಗಳೂರಿಂದು ಇಲ್ಲೇನು? ಒಳ್ಳೆ ಜೋಡಿ ಆಗ್ತಿತ್ತಲ್ರೀ!"

ಕೇಳಿ ಕೇಳಿ ರುದ್ರಮ್ಮ ಒಂದು ದಿನ ಎಲೆ ಅಡಿಕೆ ತಟ್ಟೆ ಹಿಡಿದು ಸರ್ ಮುಂದೆ ನಿಂತರು. "ನಮ್ಮ ತಮ್ಮನ ಮಗ ಅದಾನ್ರೀ. ಅಡಿಕೆ ವ್ಯಾಪಾರ, ಒಳ್ಳೆ ಗುಣ. ನಿಮ್ಮ ಹತ್ರ ಹೊನ್ನಾಳಿ ಕಡೇವು ಭಾಳ ಕನ್ಯೆ ಅದಾವಂತಲ್ಲ, ಸಾಲಾವಳಿ ನೋಡಾಕೆ ಹುಡುಗನ ಹೆಸರು ತಂದೀನಿ."

ಗಂಡು ಹೆಣ್ಣಿನ ಹೆಸರು, ನಕ್ಷತ್ರ ಹಿಡಿದು ಜೋಡಿ ಹೊಂದುತ್ತದೆಯೇ ಎಂದು ನೋಡುವುದಕ್ಕೆ ನಮ್ಮ ಕಡೆ ಸಾಲಾವಳಿ ಎನ್ನುತ್ತಾರೆ. ಹೊಂದಿದರೆ ಸಾಲಾವಳಿ ಕೂಡಿತು. ಇಲ್ಲವಾದರೆ ಹುಡುಗ ಚಿನ್ನದಂಥವನು, ಹುಡುಗಿ ಅಪರಂಜಿ, ಆದರೂ ಮದುವೆ ಇಲ್ಲ. ಸರ್ ನಗಲಿಲ್ಲ. ರುದ್ರಮ್ಮನನ್ನು ಕರೆದು ಭೂತಗನ್ನಡಿಯ ಮುಂದೆ ಕೂರಿಸಿ ಹೊನ್ನಾಳಿಯ ಕನ್ಯೆಯನ್ನು ತೋರಿಸಿದರು. ಆಕೆ ಬಹಳ ಹೊತ್ತು ನೋಡಿ, "ಮೈಬಣ್ಣ ಕಮ್ಮಿ ಆತು," ಎಂದು ತಟ್ಟೆ ಎತ್ತಿಕೊಂಡು ಹೋದರು. ಅಂದಿನಿಂದ ಸರ್ ಬಾಯಲ್ಲಿ ತಳಿ ಕೂಡಿಸುವುದಕ್ಕೆ ಸಾಲಾವಳಿ ಎಂಬ ಹೆಸರೇ ನಿಂತಿತು.

ಹೊರಗೆ ಹೋಗಿ ನೊಣ ಹಿಡಿಯುವುದು ಇನ್ನೊಂದು ಪುರಾಣ. ಕಳಿತ ಬಾಳೆಹಣ್ಣು ಹಿಸುಕಿ ಬಾಟ್ಲಿಯಲ್ಲಿ ಹಾಕಿ, ಬಾಯಿಗೆ ದಾರ ಕಟ್ಟಿ ಪೊದೆಗಳಿಗೆ ತೂಗುಹಾಕಿ ಬರುವುದು, ಮರುದಿನ ಹೋಗಿ ಹತ್ತಿ ತುರುಕಿ ತರುವುದು. ಒಮ್ಮೆ ಸೂಳೆಕೆರೆ ಏರಿಯ ಪಕ್ಕದ ಗಿಡಗಳಿಗೆ ಹೀಗೆ ತೂಗುಹಾಕಿ ಬಂದೆ. ಮಾರನೆಯ ದಿನ ಹೋದರೆ ಪ್ರತಿ ಬಾಟ್ಲಿಯ ಕೆಳಗೂ ಒಡೆದ ಕಾಯಿ, ಕುಂಕುಮ, ಕುಯ್ದ ನಿಂಬೆಹಣ್ಣು. ಮೀನು ಹಿಡಿಯುವವರೆಲ್ಲ ಬಲೆ ದಡದಲ್ಲೇ ಬಿಟ್ಟು ದೂರ ನಿಂತಿದ್ದರು. ಯಾರೋ ಕೆರೆಗೆ ಮಾಟ ಮಾಡಿಸಿದ್ದಾರೆ, ಇವತ್ತು ನೀರಿಗೆ ಇಳಿಯುವುದು ಬೇಡ ಎಂದು ಹಿರಿಯರು ಹೇಳಿದ್ದರಂತೆ.

"ಇವು ನನ್ನ ಬಾಟ್ಲಿ. ನೊಣ ಹಿಡಿಯಾಕೆ ಚನ್ನಗಿರಿಯಿಂದ ಬಂದು ಕಟ್ಟೀನಿ," ಎಂದೆ.

"ನೊಣ ಹಿಡಿಯಾಕೆ ಯಾರಾದ್ರೂ ಚನ್ನಗಿರಿಯಿಂದ ಬರ್ತಾರೇನವ್ವಾ?" ಎಂದರು ಒಬ್ಬ ಹಿರಿಯರು. "ಮಾಟಾನೇ ಅಂತ ಹೇಳು, ನಂಬ್ತೀವಿ."

ಕೊನೆಗೆ ಅವರ ಎದುರಿಗೇ ಬಾಟ್ಲಿಗಳನ್ನೆಲ್ಲ ಬಿಚ್ಚಿಕೊಂಡು, ಮಾಟ ತೆಗೆದ ಪುಣ್ಯ ಕಟ್ಟಿಕೊಂಡು ಬಂದೆ. ಸವಳಂಗದಿಂದ ಬರುವ ಬಸ್ಸಿನಲ್ಲಿ ಬಾಟ್ಲಿ ಒಡೆದು ನೊಣವೆಲ್ಲ ಕಂಡಕ್ಟರನ ಮುಖಕ್ಕೆ ಮುತ್ತಿದ ಕಥೆಯೂ ಉಂಟು. "ಇಳಿಸಾಕೆ ಆಗಲ್ಲ, ಟಿಕೆಟ್ ಹರಿಯಾಕೂ ಆಗಲ್ಲ, ಏನ್ ಮಾಡ್ಲಿ ಇವನ್ನ?" ಎಂದು ಆತ ಊರು ಬರುವವರೆಗೂ ಗೊಣಗಿದ.

ನಮ್ಮ ಭಾಗ್ಯದ ನೊಣ ಸಿಕ್ಕಿದ್ದು ಹೊನ್ನಾಳಿಯ ಹತ್ತಿರ ಒಂದು ಆಲೆಮನೆಯಲ್ಲಿ. ಕಬ್ಬಿನ ಹಾಲಿನ ಡ್ರಮ್ಮಿನ ಸುತ್ತ ಮುತ್ತಿದ್ದ ನೊಣಗಳನ್ನು ಬಲೆಯಲ್ಲಿ ಬೀಸಿ ತಂದಿದ್ದೆ. ಅವುಗಳ ಮೊಮ್ಮಕ್ಕಳಲ್ಲಿ ಕೆಲವಕ್ಕೆ ಕಣ್ಣು ಭೂತಗನ್ನಡಿಯಲ್ಲೂ ಸಾಸಿವೆಯನ್ನು ಸೀಳಿದಷ್ಟೇ ಇತ್ತು. ಸರ್ ನೋಡಿ ಸ್ಟೂಲಿನಿಂದ ಎದ್ದೇಬಿಟ್ಟರು. ಆ ನೊಣಗಳ ತಲೆಯನ್ನು ತೆಳ್ಳಗೆ ಸೀಳಿ ನೋಡಿದರೆ ಒಳಗೆ, ಕಣ್ಣಿನಿಂದ ಸುದ್ದಿ ತೆಗೆದುಕೊಳ್ಳುವ ಮೆದುಳಿನ ಭಾಗವೂ ಕುಗ್ಗಿತ್ತು. ಮರಿಹುಳುವಿನಲ್ಲಿ ಮುಂದೆ ಕಣ್ಣಾಗಬೇಕಾದ ತುಣುಕು ಮೆದುಳಿಗೆ ತೊಟ್ಟಿನಿಂದ ಅಂಟಿಕೊಂಡಿರುತ್ತದೆ. ಕಣ್ಣಿನ ಕಡೆ ಜೀವಕೋಶಗಳು ಬೆಳೆಯುವುದು, ಒಡೆದು ಎರಡಾಗುವುದು ಬೇಗ ನಿಂತರೆ ಮೆದುಳಿನ ಕಡೆಯೂ ಪೆಟ್ಟು ಬೀಳುತ್ತದೆ. ಸಾಕು ನಿಲ್ಲಿಸಿ ಎಂದು ಈ ಕೋಶಗಳಿಗೆ ಹೇಳುವವರು ಯಾರು, ಇನ್ನೂ ಬೆಳೆಯಿರಿ ಎನ್ನುವವರು ಯಾರು? ಅದು ನಮ್ಮ ಪ್ರಶ್ನೆ. ಉತ್ತರ ನಮಗಾಗಲಿ, ಬೇರೆಯವರಿಗಾಗಲಿ ಆಗ ಸರಿಯಾಗಿ ಗೊತ್ತಿರಲಿಲ್ಲ.

ಆ ತಳಿಗೆ ನಾವು ಹೊನ್ನಾಳಿ ಎಂದೇ ಹೆಸರಿಟ್ಟೆವು. ಹತ್ತು ಹನ್ನೆರಡು ದಿನಕ್ಕೆ ಒಂದು ತಲೆಮಾರು. ಪ್ರತಿ ತಲೆಮಾರನ್ನೂ ಹೊಸ ಬಾಟ್ಲಿಗೆ ದಾಟಿಸುವುದು ನನ್ನ ಕೆಲಸ. ಹಬ್ಬಕ್ಕೆ ಊರಿಗೆ ಹೋದರೂ ಒಂದು ಬಾಟ್ಲಿ ಚೀಲದಲ್ಲಿ ಬರುತ್ತಿತ್ತು. ಹೀಗೆ ಎರಡು ವರ್ಷ ಕಳೆದವು. ಯೋಜನೆ ಮುಂದುವರಿಸಬೇಕೋ ಬೇಡವೋ ಎಂದು ನಿರ್ಧರಿಸಲು ಹೊರರಾಜ್ಯದಿಂದ ಒಬ್ಬ ಹಿರಿಯ ವಿಜ್ಞಾನಿ ಬರುತ್ತಾರೆ, ಅವರಿಗೆ ಸಣ್ಣ ಕಣ್ಣಿನ ನೊಣ ತೋರಿಸಬೇಕು ಎಂದು ಸರ್ ಹೇಳಿದರು. ಆಗ ನಾನು, ಕೆಲವು ತಿಂಗಳಿನಿಂದ ಒಳಗೊಳಗೇ ಹೆದರುತ್ತಿದ್ದ ಮಾತನ್ನು ಹೊರಗೆ ಹಾಕಿದೆ.

"ಸರ್, ಹೊನ್ನಾಳಿ ಕಣ್ಣು ತಲೆಮಾರಿನಿಂದ ತಲೆಮಾರಿಗೆ ದೊಡ್ಡದಾಗ್ತಾ ಬಂದಿದೆ. ಈಗ ಬಾಟ್ಲಿಯಲ್ಲಿ ಒಂದಕ್ಕೂ ಸಣ್ಣ ಕಣ್ಣಿಲ್ಲ."

ಅವರು ಬಾಟ್ಲಿಯ ನೊಣಗಳನ್ನೆಲ್ಲ ಈಥರ್ ಕೊಟ್ಟು ಮಲಗಿಸಿ ಒಂದೊಂದಾಗಿ ನೋಡಿದರು. ಎಲ್ಲಕ್ಕೂ ತಲೆ ತುಂಬ ಕಣ್ಣು. ಆಮೇಲೆ ನನ್ನ ಮುಖ ನೋಡದೆ ಹೇಳಿದರು.

"ಹೊನ್ನಾಳಿ ಯಾವಾಗಲೋ ಸತ್ತೋಗೈತೆ. ಖಾಲಿ ಬಾಟ್ಲಿಗೆ ಬೇರೆ ನೊಣ ಬಿಟ್ಟು ಹಳೇ ಹೆಸರು ಅಂಟಿಸೀರಿ."

"ಇಲ್ಲ ಸರ್."

"ಸಾಯೋದು ತಪ್ಪಲ್ರೀ. ಬೇಸಿಗ್ಯಾಗೆ ಯಾರ ತಳಿ ಆದ್ರೂ ಸಾಯ್ತೈತೆ. ಮುಚ್ಚಿಟ್ಟಿದ್ದು ತಪ್ಪು."

ನಮ್ಮ ಕಸುಬಿನಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಸೋಮಾರಿ ಎಂದರೆ ಮೈ ಬಗ್ಗಿಸಿ ತೋರಿಸಬಹುದು, ದಡ್ಡಿ ಎಂದರೆ ಓದಬಹುದು. ತಳಿ ಬದಲಿಸಿದವಳು ಎಂಬ ಮಾತು ಹೊರಗೆ ಹೋದರೆ ಯಾವ ಪ್ರಯೋಗಾಲಯದವರೂ ಬಾಗಿಲು ತೆರೆಯುವುದಿಲ್ಲ. ಆ ಹೊರರಾಜ್ಯದ ಅತಿಥಿ ಬಂದು ಹೋದ ಮೇಲೆ ಬೇರೆ ಕೆಲಸ ನೋಡಿಕೊಳ್ಳಿ ಎಂದೂ ಸರ್ ಹೇಳಿದರು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಎರಡು ವರ್ಷ ಹೂ ಮುಡಿಯದೆ ಸಾಕಿದ ನೊಣ, ಬೇರೆಯದಂತೆ!

ಸಿಟ್ಟಿನಲ್ಲೇ ಹಿತ್ತಲಿನಲ್ಲಿ ಬಾಟ್ಲಿ ತಿಕ್ಕುತ್ತ ಕುಳಿತೆ. ಪಕ್ಕದಲ್ಲಿ ರುದ್ರಮ್ಮ ಬಟ್ಟೆ ಒಗೆಯುತ್ತ, ಅಂತೂ ಮದುವೆಯಾದ ತಮ್ಮನ ಮಗನ ಹೆಂಡತಿಯನ್ನು ಬೈಯುತ್ತಿದ್ದರು. ನಮ್ಮ ಮನೆಯಲ್ಲಿ ಹುಡುಗನ ಮುಂಗೋಪ ಯಾರಿಗೂ ಕಾಣುತ್ತಿರಲಿಲ್ಲ, ಎಲ್ಲರೂ ಹೊಂದಿಕೊಂಡು ಬಿಟ್ಟಿದ್ದೆವು, ಈ ಹೊಸಬಳು ಬಂದು ಒಂದಕ್ಕೆರಡು ಮಾತಾಡಿ ಅದನ್ನೆಲ್ಲ ಹೊರಗೆ ತಂದಳು ಎಂಬುದು ಅವರ ದೂರು. ರುದ್ರಮ್ಮನ ದೂರುಗಳನ್ನು ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ. ಅವತ್ತು ಬಿಡಲಿಲ್ಲ.

ನಮ್ಮ ಹೊನ್ನಾಳಿ ನೊಣಕ್ಕೂ ಹಾಗೇ ಆಗಿರಬಾರದೇಕೆ? ಕೆಟ್ಟ ಗುಣ ಸತ್ತಿಲ್ಲ. ಬಾಟ್ಲಿಯೊಳಗೇ ಎಷ್ಟೋ ತಲೆಮಾರು ಮದುವೆಯಾಗಿ, ಸ್ವಲ್ಪ ದೊಡ್ಡ ಕಣ್ಣಿನವೇ ಹೆಚ್ಚು ಮರಿ ಮಾಡಿ, ಆ ಕೊರತೆಯನ್ನು ಮುಚ್ಚುವ ಬೇರೆ ಬೇರೆ ಗುಣಗಳೆಲ್ಲ ಒಂದೆಡೆ ಸೇರಿರಬಹುದು. ಹಾಗಿದ್ದರೆ ಹೊರಗಿನ ಸಂಬಂಧ ತಂದು ಆ ಹೊಂದಾಣಿಕೆ ಒಡೆಯಬೇಕು. ತಂದೆ ತಾಯಿ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣುವ ಗುಣ ಅದು, ಆದ್ದರಿಂದ ಮಕ್ಕಳಲ್ಲಿ ಕಾಣದಿದ್ದರೂ ಮೊಮ್ಮಕ್ಕಳಲ್ಲಿ ಸಣ್ಣ ಕಣ್ಣು ಮತ್ತೆ ಹೊರಬೀಳಬೇಕು. ಸರ್ ಹೇಳಿದ ಹಾಗೆ ಬಾಟ್ಲಿಯಲ್ಲಿರುವುದು ಬೇರೆ ಯಾವುದೋ ನೊಣವಾದರೆ ಎಷ್ಟು ಸಂಬಂಧ ಬೆಳೆಸಿದರೂ ಸಣ್ಣ ಕಣ್ಣು ಬರಲು ಸಾಧ್ಯವಿಲ್ಲ. ಇದನ್ನು ಹಿಂದಿನವರೂ ಬೇರೆ ದೇಶದಲ್ಲಿ ಕಂಡಿದ್ದರು ಎಂದು ಆಮೇಲೆ ತಿಳಿಯಿತು. ರುದ್ರಮ್ಮನ ಅಡುಗೆಕೋಣೆಗೆ ಅಂಥ ಪುಸ್ತಕಗಳು ಬರುತ್ತಿರಲಿಲ್ಲ.

ಸರ್ ಕೇಳಿ, "ಮಾಡ್ರಿ," ಎಂದರು. "ಆದ್ರೆ ಈ ಕೋಣ್ಯಾಗಿನ ನೊಣ ಬೇಡ. ಇಲ್ಲಿವು ಯಾವು ಎಲ್ಲಿವೋ ನಂಗೀಗ ನಂಬಿಕಿ ಇಲ್ಲ."

ದೂರದ ಸಂಬಂಧವೇ ಆಗಲಿ ಎಂದು ಜಗಳೂರಿಗೆ ಹೊರಟೆ. ಬಿಳಿಚೋಡಿನ ಹತ್ತಿರ ಕುರಿಹಿಂಡು ರಸ್ತೆಗೆ ಅಡ್ಡ ಬಂದು ಬಸ್ಸು ನಿಂತಿತು. ಕುರಿಗಳು ಮುಗಿಯುವ ಹಾಗೇ ಕಾಣಲಿಲ್ಲ. ನನ್ನ ಬದುಕೇ ನಿಂತುಹೋದ ಹಾಗೆ ನಾನು ಕಿಟಕಿಯಿಂದ ಕುರಿಗಳಿಗೆ ಬೈದೆ. ಜಗಳೂರು ಪೇಟೆಯಲ್ಲಿ ಬಾಷಾ ಸಾಬರ ಬಾಳೆಹಣ್ಣಿನ ಅಂಗಡಿಯ ಹಿಂದೆ, ಕಳಿತ ಹಣ್ಣು ಎಸೆಯುವ ಬುಟ್ಟಿಯ ಮೇಲೆ ನೊಣ ಹೊಗೆಯಂತೆ ಎದ್ದಿತ್ತು.

"ಹಣ್ಣು ಬ್ಯಾಡ, ನೊಣ ಬೇಕು ಅಂತೀರಾ ಬಾಯವ್ರೆ?" ಎಂದು ಅವರು ಎರಡು ಸಲ ಕೇಳಿದರು. ಆಮೇಲೆ ಅಂಗಡಿಯವರ ಧಾಟಿಯಲ್ಲೇ, "ತಗಳ್ರಿ, ತಗಳ್ರಿ, ತಾಜಾ ಮಾಲು," ಎಂದರು. ಆ ಕಾಯುವ ದಿನಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಹೊನ್ನಾಳಿಯ ಕನ್ಯೆಯರಿಗೆ ಜಗಳೂರಿನ ಗಂಡು. ಸರ್ ತಾವೇ ಹತ್ತಿಯ ಮೇಲೆ ಸಹಿ ಹಾಕಿದ ಕಾಗದ ಸುತ್ತಿ ಅಂಟಿಸಿದರು. ಅವರಿಲ್ಲದಾಗ ನಾನು ಬಾಟ್ಲಿ ತೆರೆಯುವ ಹಾಗಿಲ್ಲ. ಮಕ್ಕಳು ಬಂದವು, ಎಲ್ಲಕ್ಕೂ ತಲೆ ತುಂಬ ಕಣ್ಣು. ಇದು ಹೀಗೇ ಆಗಬೇಕೆಂದು ನನಗೆ ಗೊತ್ತಿತ್ತು. ಆದರೂ ಸರ್ "ಹೂಂ" ಎಂದಾಗ ಎಲ್ಲವನ್ನೂ ಇನ್ನೊಮ್ಮೆ ಎಣಿಸಿದೆ. ಅವುಗಳಲ್ಲೇ ಗಂಡು ಹೆಣ್ಣು ಕೂಡಿಸಿ ಮತ್ತೆ ಅಂಟಿಸಿದೆವು. ಮತ್ತೆ ಕಾಯಬೇಕು. ಬಾನಿಯ ಗೋಣಿಗೆ ಅಗತ್ಯಕ್ಕಿಂತ ಹೆಚ್ಚು ನೀರು ಹಾಕಿ ಹಾಕಿ ಅಡುಗೆಕೋಣೆ ಕೆಸರಾಯಿತು.

ಅತಿಥಿ ಬರುವ ವಾರ ಒಂದು ಬೆಳಿಗ್ಗೆ ನಾನು ಬಾಗಿಲು ತೆಗೆಯುವುದಕ್ಕೆ ಮೊದಲೇ ಸರ್ ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ಒಳಗೆ ಹೋಗಿ ಕಾಗದ ಹರಿದು, ನೊಣಗಳನ್ನು ಮಲಗಿಸಿ, ತಾವೇ ಕುಂಚದಿಂದ ಒಂದೊಂದನ್ನೇ ಸರಿಸುತ್ತ ಹೋದರು. ದೊಡ್ಡ ಕಣ್ಣು, ದೊಡ್ಡ ಕಣ್ಣು, ದೊಡ್ಡ ಕಣ್ಣು. ಕುಂಚ ನಿಂತಿತು. ಸರ್ ನಶ್ಯದ ಡಬ್ಬಿಗೆ ಕೈ ಹಾಕಿದವರು ತೆರೆಯಲಿಲ್ಲ. ಸ್ಟೂಲಿನಿಂದ ಎದ್ದು ನನಗೆ ಜಾಗ ಬಿಟ್ಟರು. ನೋಡಿದೆ. ಒಂದು ಗಂಡು, ಕಣ್ಣು ಸಾಸಿವೆಯ ಸೀಳು. ಪಕ್ಕದಲ್ಲಿ ಒಂದು ಹೆಣ್ಣು, ಅದಕ್ಕೆ ಎಡಗಣ್ಣು ಇಲ್ಲವೇ ಇಲ್ಲ. ಕುರುಡು ನೊಣವನ್ನು ಕಂಡು ಅಷ್ಟು ಸಂತೋಷಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಸರ್ ಚಹಾ ಕುಡಿಯಲು ಹೋದರು.

ಈಗಿನವರಿಗೆ ಇದರ ಒಳಗುಟ್ಟು ಪಾಠದಲ್ಲೇ ಸಿಗುತ್ತದೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮಗೂ ಅಷ್ಟಿಷ್ಟು ತಿಳಿಯತೊಡಗಿತು. ಜೀವಕೋಶದೊಳಗೆ ಪ್ರೋಟೀನು ಒಂಟಿಯಾಗಿ ಆಳುವುದಿಲ್ಲ. ಒಂದು ಇನ್ನೊಂದನ್ನು ಹಿಡಿದುಕೊಂಡಾಗ ಬೆಳೆಯಿರಿ ಎಂಬ ಆಜ್ಞೆ ಹೊರಡುತ್ತದೆ, ಹಿಡಿತ ಬಿಟ್ಟರೆ ನಿಲ್ಲುತ್ತದೆ. ಒಂದರ ಹಿಡಿತ ಸಡಿಲವಾದರೆ ಕಣ್ಣು ಸಣ್ಣದಾಗುತ್ತದೆ. ಜೊತೆಗಾರ ಪ್ರೋಟೀನು ಗಟ್ಟಿಯಾಗಿ ಹಿಡಿದರೆ, ಅಥವಾ ಸಂಖ್ಯೆಯಲ್ಲಿ ಹೆಚ್ಚಾದರೆ, ಮತ್ತೆ ಸರಿಹೋಗುತ್ತದೆ. ಹುಡುಗ ಚಿನ್ನ, ಹುಡುಗಿ ಅಪರಂಜಿ ಎಂದು ಬೇರೆ ಬೇರೆ ತೂಗಿದರೆ ಏನೂ ತಿಳಿಯದು, ಸಾಲಾವಳಿಯನ್ನೇ ನೋಡಬೇಕು. ಇದನ್ನು ನಾನು ಎಷ್ಟೋ ತರಗತಿಗಳಲ್ಲಿ ಹೇಳಿದ್ದೇನೆ. ಹುಡುಗರು ಪರೀಕ್ಷೆಯಲ್ಲೂ ಸಾಲಾವಳಿ ಎಂದೇ ಬರೆದು ಹೊರಗಿನ ಮೌಲ್ಯಮಾಪಕರಿಂದ ಸೊನ್ನೆ ತೆಗೆದುಕೊಂಡದ್ದೂ ಉಂಟು.

ಅತಿಥಿ ಬಂದರು. ಕನ್ನಡ ಬಾರದವರು, ಮಿತಭಾಷಿ. ನೊಣ ನೋಡಿದರು, ಕಣ್ಣು ಹೋದದ್ದು, ಬಂದದ್ದು, ಮತ್ತೆ ಹೋದದ್ದು ಎಲ್ಲವನ್ನೂ ನನ್ನಿಂದಲೇ ಹೇಳಿಸಿ ಕೇಳಿದರು. ಕೊನೆಗೆ ಇಂಗ್ಲಿಷಿನಲ್ಲಿ, "ಒಂದು ವೇಳೆ ಸಣ್ಣ ಕಣ್ಣು ಮತ್ತೆ ಬರದೇ ಇದ್ದಿದ್ದರೆ?" ಎಂದರು.

ನಾನು ನಕ್ಕು, ಯಾವುದಾದರೂ ಹೈಸ್ಕೂಲಿನಲ್ಲಿ ದಾಸವಾಳದ ಭಾಗಗಳನ್ನು ಬರೆಸುತ್ತಿರುತ್ತಿದ್ದೆ ಎಂದೆ. ಸರ್ ನಗಲಿಲ್ಲ. ಅವರು ಅತಿಥಿಗೆ ನಿಧಾನವಾಗಿ ಹೇಳಿದ್ದು ಇಷ್ಟು: "ಇವರು ಎಲ್ಲಿ ಹೋಗಿದ್ದರೂ ತಾವು ಸುಳ್ಳು ಹೇಳಿಲ್ಲವೆಂದು ಇವರಿಗೆ ಗೊತ್ತಿರುತ್ತಿತ್ತು. ನಾನು ಮಾತ್ರ ತಪ್ಪು ತಿಳಿದುಕೊಂಡೇ, ಅದು ತಪ್ಪೆಂದು ತಿಳಿಯದೆಯೇ ಸಾಯುತ್ತಿದ್ದೆ."

ಅತಿಥಿ ತಲೆಯಾಡಿಸಿದರು. ನನಗೆ ಅಷ್ಟು ಸಾಲಲಿಲ್ಲ.

"ಅವರಿಗೆ ಹೇಳಿದ್ದಾಯ್ತು ಸರ್," ಎಂದೆ. "ನನಗೆ ಹೇಳ್ರಿ."

"ಹೇಳಿದಂಗೇ ಆತಲ್ರೀ."

"ಆಗಲಿಲ್ಲ."

ಮರುಳಪ್ಪ ಸರ್ ಬಾಟ್ಲಿಗಳನ್ನು ನೋಡಿದರು, ಬಾಗಿಲನ್ನು ನೋಡಿದರು, ಕೊನೆಗೆ ಆ ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದರು.

"ತಪ್ಪಾತು ನಿರ್ಮಲಾ ಅವ್ರೆ."

ಅವರು ಏನೆಂದರು ಎಂದು ಅತಿಥಿ ನನ್ನನ್ನು ಕೇಳಿದರು. ನಾನು ಭಾಷಾಂತರ ಮಾಡಲಿಲ್ಲ. ಅದು ನನಗೆ ಹೇಳಿದ ಮಾತಾಗಿತ್ತು.